ಡಬ್ಬದ ಮೇಲೆ ಒಂದು ಅಳತೆ, ಒಳಗಿನ ಪಟ್ಟಿಯದ್ದು ಇನ್ನೊಂದು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಬಿ.ಪಿ. ಮಷಿನ್ ಜೊತೆ ತಪ್ಪು ಅಳತೆಯ ತೋಳುಪಟ್ಟಿ ಕಳಿಸಿದ ಬಗ್ಗೆ ದೂರು

ಮಾನ್ಯರೇ,

ಮಾರ್ಚ್‌ನಲ್ಲಿ ಅಮ್ಮನಿಗಾಗಿ ನಿಮ್ಮ ಕಂಪನಿಯ ಬಿ.ಪಿ. ಮಷಿನ್ ತರಿಸಿಕೊಂಡೆ. ಅಮ್ಮನಿಗೆ 68 ವರ್ಷ. ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಕಿಡ್ನಿ ಸ್ವಲ್ಪ ಸೋತಿದೆ, ಮೂರು ವರ್ಷದ ಹಿಂದೆ ಸಣ್ಣದಾಗಿ ಲಕ್ವ ಹೊಡೆದಿತ್ತು. ನಾವಿರುವುದು ಸಾಗರ ತಾಲ್ಲೂಕಿನ ಹಳ್ಳಿಯಲ್ಲಿ. ಬಿ.ಪಿ. ನೋಡಿಸಲು ವಾರಕ್ಕೆರಡು ಸಲ ಬಸ್ ಹತ್ತಿಸಿಕೊಂಡು ಪೇಟೆಗೆ ಕರೆದೊಯ್ಯುವುದು ಆಗದ ಮಾತು. ಅದಕ್ಕೇ ಡಾಕ್ಟರು ಮನೆಯಲ್ಲೇ ನೋಡಿ ಬರೆದಿಡಿ ಎಂದಿದ್ದರು.

ಅಮ್ಮ ಇಂಥದ್ದರಲ್ಲಿ ಬಹಳ ಶಿಸ್ತು. ಬೆಳಿಗ್ಗೆ ಕಾಫಿಗೂ ಮಾತ್ರೆಗೂ ಮುಂಚೆ ಬಚ್ಚಲಿಗೆ ಹೋಗಿ ಬಂದು, ಕುರ್ಚಿಗೆ ಬೆನ್ನು ಕೊಟ್ಟು, ಕಾಲು ನೆಲಕ್ಕೂರಿ ಐದು ನಿಮಿಷ ಮಾತಿಲ್ಲದೆ ಕೂರುತ್ತಾರೆ. ಕೈ ಎದೆಯ ಮಟ್ಟಕ್ಕೆ ಬರಲಿ ಎಂದು ಮೇಜಿನ ಮೇಲೆ ಮಡಿಸಿದ ಹಳೇ ಸೀರೆ ಇಟ್ಟುಕೊಳ್ಳುತ್ತಾರೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಸಂಜೆಯೂ ಹಾಗೆಯೇ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಅಮ್ಮನ ದುಂಡನೆಯ ಅಕ್ಷರದಲ್ಲಿ ಆ ಅಂಕಿಗಳೆಲ್ಲ ಇವೆ: 158/94, 161/95, 156/92. ಮನೆಯಲ್ಲಿ ನೋಡುವಾಗ 135/85 ದಾಟಿದರೇ ಹೆಚ್ಚು ಎಂದು ಲೆಕ್ಕ. ಎರಡು ವಾರದ ಹಾಳೆ ನೋಡಿದ ಡಾಕ್ಟರು ಇನ್ನೊಂದು ಮಾತ್ರೆ ಸೇರಿಸಿದರು. ಅವರನ್ನು ನಾನು ದೂರುವುದಿಲ್ಲ. ಅವರು ನಂಬಿದ್ದು ನಾವು ಬರೆದದ್ದನ್ನು, ನಾವು ನಂಬಿದ್ದು ನಿಮ್ಮ ಮಷಿನ್ನನ್ನು.

ಆ ಮಾತ್ರೆ ಶುರುವಾದ ಒಂಬತ್ತನೇ ದಿನ ಬೆಳಗಿನ ಜಾವ ಹಾಸಿಗೆಯಿಂದ ಎದ್ದ ಅಮ್ಮನಿಗೆ ತಲೆ ತಿರುಗಿತು. ಬಚ್ಚಲ ಬಾಗಿಲ ದಾರಂದಕ್ಕೆ ಹಣೆ ಬಡಿದು ನಾಲ್ಕು ಹೊಲಿಗೆ ಬಿತ್ತು. ಆವತ್ತು ಡಾಕ್ಟರು ಮಷಿನ್ ತರಿಸಿಕೊಂಡು ತಮ್ಮದರ ಪಕ್ಕ ಇಟ್ಟು ನೋಡಿದರು. ಅಗಲ ಪಟ್ಟಿಯ ಅವರ ಮಷಿನ್‌ನಲ್ಲಿ 122/74, ಅದರ ಬೆನ್ನಿಗೇ ನಿಮ್ಮದರಲ್ಲಿ 139/85. ಅವರಿಗೆ ತಕ್ಷಣ ಅನುಮಾನ ಬಂದದ್ದು ಪಟ್ಟಿಯ ಮೇಲೆ. ಟೇಪು ತಂದು ಅಮ್ಮನ ತೋಳಿನ ಸುತ್ತಳತೆ ನೋಡಿದರೆ 38 ಸೆಂ.ಮೀ. ಪಟ್ಟಿಯ ಒಳಬದಿಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ 22–32 ಸೆಂ.ಮೀ. ಎಂದಿತ್ತು.

ಡಬ್ಬದ ಮೇಲೆ ನೀವೇ ಅಚ್ಚು ಹಾಕಿರುವುದು 22–42 ಸೆಂ.ಮೀ. ಅದನ್ನು ನೋಡಿಯೇ ನಾನು ಕೊಂಡದ್ದು. ತೋಳಿಗೆ ಚಿಕ್ಕದಾದ ಪಟ್ಟಿ ಕಟ್ಟಿದರೆ ಬಿ.ಪಿ. ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ ಎಂಬುದು ಮಷಿನ್ ಮಾಡುವ ನಿಮಗೆ ಗೊತ್ತಿಲ್ಲದ ವಿಷಯವೇ? ಗಾಳಿ ತುಂಬುವಾಗ ಪಟ್ಟಿ ಆಗಾಗ ಚರ್ರೆಂದು ತಾನಾಗಿಯೇ ಬಿಟ್ಟುಕೊಳ್ಳುತ್ತಿತ್ತು. ಅಮ್ಮ ತಾನೇ ಸರಿಯಾಗಿ ಕಟ್ಟಿಲ್ಲ ಎಂದುಕೊಂಡು ಇನ್ನಷ್ಟು ಬಿಗಿದು ಕಟ್ಟುತ್ತಿದ್ದರು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ತೋಳು ಅಳೆದು ನೋಡಿ ಎಂಬ ಒಂದು ಸಾಲು ಕನ್ನಡದಲ್ಲಿ ಇದ್ದಿದ್ದರೆ ಅಮ್ಮ ಮೊದಲ ದಿನವೇ ಅಳೆಯುತ್ತಿದ್ದರು. ನಿಮ್ಮ ಪುಸ್ತಿಕೆಯಲ್ಲಿರುವುದು ಇಂಗ್ಲಿಷ್ ಮತ್ತು ಹಿಂದಿ ಮಾತ್ರ.

ನಿಮ್ಮ ಸಹಾಯವಾಣಿಗೆ ನಾಲ್ಕು ಸಲ ಫೋನ್ ಮಾಡಿದೆ. ಮೂರು ಸಲ "ಮಷಿನ್ ಸರಿಯಾಗಿದೆ ಮೇಡಂ, ಬ್ಯಾಟರಿ ಬದಲಾಯಿಸಿ" ಎಂದರು. ನಾಲ್ಕನೇ ಸಲ, ದೊಡ್ಡ ಪಟ್ಟಿ ಬೇಕಾದರೆ ಬೇರೆ ದುಡ್ಡು ಕೊಟ್ಟು ತರಿಸಿಕೊಳ್ಳಿ ಎಂದರು. ನಾನು ಈಗಾಗಲೇ ದುಡ್ಡು ಕೊಟ್ಟಿರುವುದು ಅದಕ್ಕೇ. 2021ರ ಜನವರಿಯಿಂದ ನಮ್ಮ ದೇಶದಲ್ಲಿ ಬಿ.ಪಿ. ಮಷಿನ್ ಕೂಡ ಔಷಧದ ಕಾನೂನಿನಡಿ ಬಂದಿದೆ. ನೀವು ಮಾಡಿರುವುದು ಒಂದು ಮಾತ್ರೆಯ ಡಬ್ಬಿಯಲ್ಲಿ ಇನ್ನೊಂದು ಮಾತ್ರೆ ತುಂಬಿ ಕಳಿಸಿದ ಹಾಗೆ.

22–42 ಸೆಂ.ಮೀ. ಪಟ್ಟಿಯನ್ನು ದುಡ್ಡು ಕೇಳದೆ ಕಳಿಸಿ. ಆಸ್ಪತ್ರೆಯ ಖರ್ಚು 3,400 ರೂಪಾಯಿ ಭರಿಸಿಕೊಡಿ. ಇವೆರಡಕ್ಕಿಂತ ಮುಖ್ಯವಾದದ್ದು, ಇದೇ ಬ್ಯಾಚಿನ ಮಷಿನ್ ಯಾರ ಯಾರ ಮನೆಗೆ ಹೋಗಿದೆಯೋ ಅವರಿಗೆಲ್ಲ ಈ ವಾರವೇ ಫೋನ್ ಮಾಡಿ ಪಟ್ಟಿ ನೋಡಿಕೊಳ್ಳಲು ಹೇಳಿ. ಅವರಲ್ಲಿ ಬಸುರಿ ಹೆಂಗಸರಿರಬಹುದು, ಡಯಾಲಿಸಿಸ್ ಮಾಡಿಸಿಕೊಳ್ಳುವವರಿರಬಹುದು. ಅವರೂ ಈ ಹೊತ್ತು ಅದೇ ತಪ್ಪು ಅಂಕಿ ಬರೆದುಕೊಳ್ಳುತ್ತಿರಬಹುದು.

ಹದಿನೈದು ದಿನದೊಳಗೆ ಬರಹದಲ್ಲಿ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಬಿಲ್ಲು, ಡಬ್ಬ ಮತ್ತು ಪಟ್ಟಿಯ ಫೋಟೋ, ಡಾಕ್ಟರ ಚೀಟಿ, ಅಮ್ಮನ ಪುಸ್ತಕದ ಹಾಳೆಗಳ ನಕಲು ಲಗತ್ತಿಸಿದ್ದೇನೆ. ಮಷಿನ್ನನ್ನು ಈಗಲೇ ವಾಪಸು ಕಳಿಸುವುದಿಲ್ಲ, ಆಯೋಗದ ಮುಂದೆ ಬೇಕಾಗಬಹುದು.

ಇತಿ,
ನಿಮ್ಮ ಗ್ರಾಹಕಿ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ