ಹಾನ್ಲೆಯ ಚಳಿಗಾಲ ದಾಟಿಸಿದವರಿಗೆ

ಲಡಾಖ್‌ನ ಹಾನ್ಲೆ ವೀಕ್ಷಣಾಲಯದಲ್ಲಿ ನನ್ನ ಕೆಲಸದ ಅವಧಿ ಮುಗಿಯಿತು. ಬೆಂಗಳೂರಿಗೆ ಬಂದಾಗಿನಿಂದ ಎಲ್ಲರದ್ದೂ ಒಂದೇ ಪ್ರಶ್ನೆ: 'ದಿನಾ ರಾತ್ರಿ ನಕ್ಷತ್ರ ನೋಡ್ತಿದ್ದೆ ಅಲ್ವಾ?'

ನೋಡುವವರು ಇರುವುದು ಇಲ್ಲೇ ಪಕ್ಕದ ಹೊಸಕೋಟೆಯಲ್ಲಿ! ಕೋರಮಂಗಲದ ಆಸ್ಟ್ರೋಫಿಸಿಕ್ಸ್ ಸಂಸ್ಥೆಯವರು 2001ರಿಂದ ಅಲ್ಲಿಂದಲೇ, ಉಪಗ್ರಹ ಸಂಪರ್ಕದಲ್ಲಿ, 2 ಮೀಟರ್‌ನ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ನಡೆಸುತ್ತಾರೆ. ಆದರೆ ಗುಮ್ಮಟದ ಮೇಲೆ ಬಿದ್ದ ಹಿಮವನ್ನು ಉಪಗ್ರಹ ಗುಡಿಸಲ್ಲ. ಅದಕ್ಕೆ ಬೆಟ್ಟದ ಮೇಲೆ ಜನ ಬೇಕು. ಈ ಧನ್ಯವಾದ ಮೊದಲು ಅವರಿಗೆ.

4,500 ಮೀಟರ್ ಎತ್ತರ. ಶುರುವಿನಲ್ಲಿ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು, ತಲೆ ಸಿಡಿತ. ನಾವೆಲ್ಲ ಆಚೋ-ಲೇ ಎಂದು ಕರೆಯುವ ಹಿರಿಯ ಟೆಕ್ನಿಷಿಯನ್ ಅಣ್ಣ ನನ್ನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು, 'ನೀರು ಕುಡಿ, ಮಲಗು' ಎಂದು ರೂಮಿಗೆ ಅಟ್ಟಿದ್ದರು. ಕ್ಯಾಮೆರಾ ತಣ್ಣಗಿರಲು ಅದಕ್ಕೆ ದ್ರವ ಸಾರಜನಕ ತುಂಬಬೇಕು. ಹೊರಗೆ ಮೈನಸ್ 25, ಇದು ಮೈನಸ್ 196. ಸುರಿಯುತ್ತಿದ್ದಂತೆ ಕೊತಕೊತ ಕುದಿಯುತ್ತದೆ, ಬಿಳಿ ಹೊಗೆ ಏಳುತ್ತದೆ, ಏನೂ ಕಾಣಲ್ಲ. ಎಷ್ಟು ತುಂಬಿತು ಅಂತ ಆಚೋ-ಲೇ ಬರೀ ಸದ್ದಿನಲ್ಲೇ ಹೇಳುತ್ತಿದ್ದರು. ನನಗೆ ಆ ಕಿವಿ ಬರುವ ಹೊತ್ತಿಗೆ ಚಳಿಗಾಲವೇ ಮುಗಿದಿತ್ತು.

ಇನ್ನು ಅಡುಗೆಮನೆಯವರು. ಆ ಎತ್ತರದಲ್ಲಿ ನೀರು 85 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕುಕ್ಕರ್ ಇಲ್ಲದಿದ್ದರೆ ಅನ್ನ ಬೇಯಲ್ಲ. ನನಗೆ ಮನೆ ನೆನಪಾಗುತ್ತಿದೆ ಅಂತ ತಿಳಿದು ಅಮ್ಮನ ಸಾರಿನ ಪುಡಿಯನ್ನು ಅಲ್ಲಿನ ನೂಡಲ್ಸ್ ಸೂಪು ಥುಕ್ಪಾಗೇ ಹಾಕಿಬಿಟ್ಟರು. ರುಚಿ ಬಗ್ಗೆ ಜಾಸ್ತಿ ಹೇಳಲ್ಲ. ಬಟ್ಟಲು ಮಾತ್ರ ಖಾಲಿ ಮಾಡಿದೆ.

ಊರಿನವರಿಗೂ ಋಣಿ. 2022ರ ಡಿಸೆಂಬರ್‌ನಲ್ಲಿ ಆ ಪ್ರದೇಶವನ್ನು ಡಾರ್ಕ್ ಸ್ಕೈ ರಿಸರ್ವ್, ಅಂದರೆ ರಾತ್ರಿಯ ಕತ್ತಲನ್ನು ಕಾಪಾಡುವ ಜಾಗ, ಎಂದು ಘೋಷಿಸಿದರು. ಬೆಳಕು ಹೊರಗೆ ಬೀಳದಂತೆ ಕಿಟಕಿಗೆ ಪರದೆ ಎಳೆದುಕೊಂಡು ಬದುಕುವವರು ಅವರು. ನಮ್ಮ ಬೀದಿಯಲ್ಲಿ ಇದನ್ನು ಕೇಳಿ ನೋಡಿ!

ಹೊಸಕೋಟೆ ಕಂಟ್ರೋಲ್ ರೂಮಿನ ಗೆಳೆಯರೇ, ನಡುರಾತ್ರಿ ಫೋನಿನಲ್ಲಿ ಗಾಳಿ, ತೇವಾಂಶ ವಿಚಾರಿಸುವ ಮೊದಲು 'ಊಟ ಆಯ್ತಾ?' ಅಂತ ಕನ್ನಡದಲ್ಲಿ ಕೇಳುತ್ತಿದ್ದಿರಲ್ಲ, ಅದಕ್ಕೆ ತುಂಬಾ ಥ್ಯಾಂಕ್ಸ್. ಒಂದು ಸಂಜೆ ಖಂಡಿತ ಬರುತ್ತೇನೆ.

ಆಚೋ-ಲೇ, ಲೇಹ್‌ಗೆ ಹೊರಟವರ ಕೈಲಿ ಮೈಸೂರು ಪಾಕ್ ಕಳಿಸಿದ್ದೇನೆ. ಅಡುಗೆಮನೆಗೂ ಸ್ವಲ್ಪ ಉಳಿಸಿ.