ಕುಂಡ ಹೊಲಿಯುವ ಕೆಲಸ ನಮ್ಮೂರಿಗೇ ಕೊಡಿ

ಮಾನ್ಯ ಸಂಪಾದಕರೇ,

ಈಚೆಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಟ್ಟೆಯ ಗ್ರೋ ಬ್ಯಾಗ್‌ಗಳಲ್ಲಿ, ಅಂದರೆ ಗಿಡ ಬೆಳೆಸುವ ಬಟ್ಟೆಯ ಕುಂಡಗಳಲ್ಲಿ, ತಾರಸಿ ತೋಟ ಮಾಡುವ ಬಗ್ಗೆ ಲೇಖನ ಬಂದಿತ್ತು. ಗಿಡಗಳ ವಿಚಾರವೆಲ್ಲ ಚೆನ್ನಾಗಿಯೇ ಇತ್ತು. ಆದರೆ ಬ್ಯಾಗ್ ಎಲ್ಲಿಂದ ತರಬೇಕು ಎಂಬಲ್ಲಿಗೆ ಬಂದಾಗ ‘ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದು’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ನಾನು ಬಳ್ಳಾರಿ ಕೌಲ್ ಬಜಾರಿನ ಟೇಲರ್. ಜೀನ್ಸ್ ಪ್ಯಾಂಟ್ ಹೊಲಿದೇ ಸಂಸಾರ ತೂಗಿಸಿದವನು. ಒಂದು ದುಂಡನೆಯ ಬಟ್ಟೆ, ಅದರ ಸುತ್ತ ಒಂದು ಪಟ್ಟಿ, ಮೇಲೊಂದು ಮಡಿಕೆ, ಇಷ್ಟಕ್ಕೆ ಕೊರಿಯರ್‌ನವನ ದಾರಿ ಕಾಯಬೇಕೆ? ಮನೆಯಲ್ಲಿ ಹೊಲಿಗೆ ಮಷಿನ್ ಇದ್ದವರು ತಾವೇ ಹೊಲಿದುಕೊಳ್ಳಬಹುದು. ಇಲ್ಲದವರು ಬೀದಿಯ ಟೇಲರ್ ಕೈಗೆ ಕೊಟ್ಟರೆ ಅವನಿಗೂ ನಾಲ್ಕು ಕಾಸು ಸಿಗುತ್ತದೆ.

ಲೇಖನದಲ್ಲಿ ಬಿಟ್ಟುಹೋದ ಅಳತೆಯನ್ನು ಮೊದಲು ಕೊಡುತ್ತೇನೆ. ಡೆನಿಮ್, ಅಂದರೆ ಜೀನ್ಸ್ ಪ್ಯಾಂಟಿನ ಬಟ್ಟೆಯ ಅಗಲ ಸಾಮಾನ್ಯವಾಗಿ 58 ಇಂಚು. ಒಂದು ಮೀಟರ್ ಎಂದರೆ ಹತ್ತಿರ ಹತ್ತಿರ 39 ಇಂಚು ಉದ್ದ. ಉದ್ದಕ್ಕೇ 15 ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿದರೆ ಪಕ್ಕದಲ್ಲಿ 13 ಇಂಚು ಉಳಿಯುತ್ತದೆ. ಅದರಲ್ಲಿ 13 ಇಂಚಿನ ಮೂರು ದುಂಡು ತಳ ಬರುತ್ತವೆ. ಒಂದು ಮೀಟರ್‌ಗೆ ಮೂರು ಕುಂಡ, ಚಿಂದಿ ಎಂದರೆ ದುಂಡಿನ ಮೂಲೆಗಳು ಮಾತ್ರ. ಹೊಲಿಗೆಗೆ, ಮಡಿಕೆಗೆ ಬಿಡುವ ಮಾರ್ಜಿನ್ ಹೋಗಿ ಕುಂಡದ ಬಾಯಿ 12 ಇಂಚು, ಎತ್ತರವೂ ಸುಮಾರು ಅಷ್ಟೇ. ಮೇಲೆ ಎರಡು ಇಂಚು ಬಿಟ್ಟು ತುಂಬಿದರೆ 18 ಲೀಟರ್‌ನಷ್ಟು ಮಣ್ಣು ಹಿಡಿಯುತ್ತದೆ. ಬದನೆ, ಟೊಮೆಟೊ, ಮೆಣಸಿನಕಾಯಿಗೆ ಇಷ್ಟು ಸಾಕು.

ಬಟ್ಟೆಯನ್ನು ಕತ್ತರಿಸುವ ಮೊದಲು ನೀರಲ್ಲಿ ರಾತ್ರಿಯಿಡೀ ನೆನೆಸಿ ಒಗೆಯಬೇಕು. ಹೊಸ ಡೆನಿಮ್‌ನಲ್ಲಿ ಗಂಜಿ ಇರುತ್ತದೆ, ಬಣ್ಣವೂ ಬಿಡುತ್ತದೆ, ಒಗೆದ ಮೇಲೆ ಕುಗ್ಗುತ್ತದೆ. ಅದಕ್ಕೇ ಕೊಳ್ಳುವಾಗ ಮೀಟರ್ ಮೇಲೆ ಗೇಣುದ್ದ ಹೆಚ್ಚಿಗೆ ಇರಲಿ. ಅಗಲದಲ್ಲಿ ಕುಗ್ಗಿದ್ದನ್ನು ಮೇಲಿನ ಮಡಿಕೆಯಲ್ಲಿ ಸರಿದೂಗಿಸಬಹುದು.

ತಳ ಕೂಡಿಸುವಾಗ ಹೊಸಬರಿಗೆ ನೆರಿಗೆ ಬೀಳುತ್ತದೆ. ದುಂಡನ್ನು ನಾಲ್ಕಾಗಿ ಮಡಚಿ ಅಂಚಿನಲ್ಲಿ ನಾಲ್ಕು ಕಡೆ ಚಾಕ್‌ನಿಂದ ಗುರುತು ಹಾಕಿ. ಪಟ್ಟಿಯ ಎರಡು ತುದಿ ಕೂಡಿಸಿ ಕೊಳವೆ ಮಾಡಿದ ಮೇಲೆ ಅದಕ್ಕೂ ನಾಲ್ಕು ಗುರುತು. ಗುರುತಿಗೆ ಗುರುತು ಸೇರಿಸಿ ಪಿನ್ ಹಾಕಿ ಹೊಲಿದರೆ ಎಲ್ಲೂ ಎಳೆಯುವುದಿಲ್ಲ. ಇದೂ ಬೇಡ ಎನ್ನುವವರು ಸಂತೆ ಚೀಲದ ಹಾಗೆ ತಳವನ್ನು ನೇರ ಹೊಲಿದು ಎರಡು ಮೂಲೆ ಮುರಿದು ಹೊಲಿಯಲಿ. ಮಣ್ಣು ತುಂಬಿದ ಮೇಲೆ ಅದೂ ದುಂಡಗೇ ಕೂರುತ್ತದೆ. ಸೂಜಿ 18ನೇ ನಂಬರ್ ಹಾಕಿ, 14ರದ್ದು ಹಾಕಿದರೆ ಮುರಿಯುತ್ತದೆ. ದಾರ ಮಾತ್ರ ಹತ್ತಿಯದು ಬೇಡ. ಒದ್ದೆ ಮಣ್ಣಿನ ಪಕ್ಕದಲ್ಲಿ ಬಟ್ಟೆಗಿಂತ ಮೊದಲು ದಾರ ಕೊಳೆಯುತ್ತದೆ, ಎತ್ತುವಾಗ ತಳ ಕಳಚಿ ಮಣ್ಣೆಲ್ಲ ಕಾಲ ಮೇಲೆ. ಜೀನ್ಸ್ ಹೊಲಿಯುವ ಪಾಲಿಯೆಸ್ಟರ್ ದಾರದಲ್ಲಿ ತಳಕ್ಕೂ ಪಕ್ಕಕ್ಕೂ ಎರಡೆರಡು ಹೊಲಿಗೆ ಹಾಕಿ. ಹಿಡಿಕೆಗೆ ಹಳೆಯ ಪ್ಯಾಂಟಿನ ಸೊಂಟದ ಪಟ್ಟಿಗಿಂತ ಗಟ್ಟಿಯಾದದ್ದು ಇಲ್ಲ.

ಹಳೆಯ ಪ್ಯಾಂಟ್ ಎಂದಾಗ ನೆನಪಾಯಿತು. ಪ್ಯಾಂಟಿನ ಕಾಲನ್ನೇ ಕುಂಡ ಮಾಡಬಹುದು. ತೊಡೆಯ ಭಾಗದ ಸುತ್ತಳತೆ 24 ಇಂಚು ಇದ್ದರೆ ಏಳೂವರೆ ಇಂಚು ಬಾಯಿಯ ಕುಂಡ ಸಿಗುತ್ತದೆ, ಒಂದು ಮೆಣಸಿನ ಗಿಡಕ್ಕೆ ನಡೆಯುತ್ತದೆ. ಮೊಣಕಾಲಿನ ಕೆಳಗಿನದು ಕಿರಿದು, ಗಾಳಿಗೆ ಉರುಳುತ್ತದೆ. ನಮ್ಮ ತಾರಸಿಯಲ್ಲಿ ಇಂಥವನ್ನು ಸಾಲಾಗಿ ನಿಲ್ಲಿಸಿದ್ದು ಕಂಡು ಪಕ್ಕದ ಮನೆಯ ಅಜ್ಜಿ, ‘ಏನ್ ತಮ್ಮಾ, ಮಂದಿ ಪ್ಯಾಂಟಿನಾಗ ಕಾಲು ಹಾಕ್ತಾರ, ನೀ ಗಿಡ ಹಚ್ಚೀಯಲ್ಲೋ’ ಎಂದು ನಕ್ಕರು. ಈಗ ಅವರ ಮನೆ ಮೇಲೂ ಮೊಮ್ಮಗನ ಪ್ಯಾಂಟಿನಲ್ಲಿ ಪುಂಡಿ ಪಲ್ಯ ಬೆಳೆಯುತ್ತಿದೆ.

ಎಲ್ಲ ಡೆನಿಮ್ ಒಂದೇ ಅಲ್ಲ. ಅಂಚಿನಿಂದ ಒಂದೆರಡು ಎಳೆ ಎಳೆದು ಬೆಂಕಿ ಹಚ್ಚಿ ನೋಡಿ. ಕಾಗದದ ಹಾಗೆ ಉರಿದು ಬೂದಿಯಾದರೆ ಪೂರ್ತಿ ಹತ್ತಿ. ಕರಗಿ ತುದಿಯಲ್ಲಿ ಗಟ್ಟಿ ಗುಂಡು ಕಟ್ಟಿದರೆ ಪಾಲಿಯೆಸ್ಟರ್ ಸೇರಿದೆ ಎಂದರ್ಥ. ಪೂರ್ತಿ ಹತ್ತಿಯದು ನಮ್ಮೂರ ಬಿಸಿಲಿಗೆ ಒಂದು ವರ್ಷ ತಾಳಿದರೆ ಹೆಚ್ಚು, ಅದೂ ಮೊದಲು ತಳ ಹೋಗುತ್ತದೆ. ಒಂದು ಬೆಳೆ ತೆಗೆದು ಹಾಗೇ ಗೊಬ್ಬರದ ಗುಂಡಿಗೆ ಹಾಕುವವರಿಗೆ ಅದೇ ಒಳ್ಳೆಯದು. ಮಿಶ್ರಣದ್ದು ಎರಡನೆಯ ವರ್ಷಕ್ಕೂ ಬರುತ್ತದೆ, ಅಂಜೂರ, ಮಲ್ಲಿಗೆ, ಕರಿಬೇವಿನಂಥ ನಿಲ್ಲುವ ಗಿಡಗಳಿಗೆ ಅದನ್ನೇ ಆರಿಸಿ.

ಬಳ್ಳಾರಿ ಅಂಜೂರದ ಹೆಸರು ಎಲ್ಲರೂ ಕೇಳಿದ್ದೀರಿ. ನಮ್ಮ ಮನೆಯಲ್ಲಿ ಒಂದು ಅಂಜೂರ ಬಣ್ಣದ ಪ್ಲಾಸ್ಟಿಕ್ ಬಕೆಟ್‌ನಲ್ಲಿತ್ತು. ನೀರು, ಗೊಬ್ಬರ ಎಲ್ಲ ಕೊಟ್ಟರೂ ಗಿಡ ಏಳಲಿಲ್ಲ. ಬಕೆಟ್ ಮಗುಚಿ ಹೊರಗೆ ತೆಗೆದಾಗ ಬೇರೆಲ್ಲ ಒಳಗೋಡೆಗೆ ಅಂಟಿ ಸಿಂಬಿ ಸುತ್ತಿದ ಹಾಗೆ ಸುತ್ತಿಕೊಂಡಿತ್ತು, ನಡುವಿನ ಮಣ್ಣಿಗೆ ಬೇರು ಹೋಗಿಯೇ ಇರಲಿಲ್ಲ. ಸುತ್ತಿದ್ದನ್ನು ಕತ್ತರಿಸಿ ಡೆನಿಮ್ ಕುಂಡಕ್ಕೆ ಹಾಕಿದೆವು. ಮುಂದೆ ಆ ಕುಂಡದ ತಳ ಸವೆದು ಬೇರೆ ಹೊಲಿಯಬೇಕಾದಾಗ ಪಕ್ಕದ ಹೊಲಿಗೆ ಬಿಚ್ಚಿ ನೋಡಿದೆ. ಬೇರಿನ ತುದಿಗಳು ಬಟ್ಟೆಯ ತನಕ ಬಂದು, ಅಲ್ಲಿ ಗಾಳಿ ತಗುಲಿ ಕಂದಾಗಿ ಒಣಗಿ ನಿಂತಿದ್ದವು. ಒಣಗಿದ ತುದಿಯ ಸ್ವಲ್ಪ ಹಿಂದಿನಿಂದ ಬಿಳಿ ಎಳೆ ಬೇರುಗಳು ಕವಲೊಡೆದು ಮಣ್ಣಿನ ತುಂಬ ಹಬ್ಬಿದ್ದವು. ಬೆರಳಲ್ಲಿ ಒತ್ತಿದರೂ ಮಣ್ಣಿನ ಮುದ್ದೆ ಒಡೆಯಲಿಲ್ಲ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಹುಕಾಲ ಇಟ್ಟ ಮಾವು, ತೇಗದ ಸಸಿಗಳಲ್ಲೂ ಇದೇ ಸುರುಳಿ ಬೇರಿನ ತೊಂದರೆ. ನೆಲಕ್ಕೆ ನೆಟ್ಟ ಮೇಲೂ ಆ ಸುರುಳಿ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ.

ಇನ್ನು ನೀರು. ಇದನ್ನು ಮಾರುವವರು ಹೇಳುವುದಿಲ್ಲ, ನಿಮ್ಮ ಲೇಖನದಲ್ಲೂ ಇರಲಿಲ್ಲ. ಬಟ್ಟೆಯ ಕುಂಡ ನಾಲ್ಕೂ ಕಡೆಯಿಂದ ಆರುತ್ತದೆ. ಅದರಿಂದ ಬೇರು ತಂಪಾಗಿರುತ್ತದೆ, ನಿಜ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಹಾಕಿದ ನೀರು ಸಂಜೆಗೆ ಇರುವುದಿಲ್ಲ. ನಲ್ಲಿ ನೀರಿಗೆ ದಿನ ಎಣಿಸುವ ನಮ್ಮಂಥ ಊರಲ್ಲಿ ಇದು ಸಣ್ಣ ಮಾತಲ್ಲ. ಬೆಂಗಳೂರಿನವರಿಗೂ ನೆನಪಿರಬೇಕು, 2024ರ ಮಾರ್ಚ್‌ನಲ್ಲಿ ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5 ಸಾವಿರ ರೂಪಾಯಿ ದಂಡ ಎಂದು ಅಲ್ಲಿನ ಜಲಮಂಡಳಿ ಆದೇಶ ಹೊರಡಿಸಿತ್ತು. ಹಾಗಾಗಿ ಬೇಸಿಗೆಯಲ್ಲಿ ಕುಂಡಗಳನ್ನು ದೂರ ದೂರ ಇಡದೆ ಒಂದಕ್ಕೊಂದು ತಾಗಿಸಿ ಗುಂಪಾಗಿ ಇಡಬೇಕು, ದೊಡ್ಡವು ಪಡುವಣ ಬಿಸಿಲಿನ ಕಡೆ, ಸಣ್ಣವು ಒಳಗೆ. ಮಣ್ಣಿನ ಮೇಲೆ ಎರಡು ಬೆರಳು ದಪ್ಪ ಶೇಂಗಾ ಹೊಟ್ಟು ಹಾಕಿದರೆ ಮೇಲಿನ ಆರುವಿಕೆ ಎಷ್ಟೋ ನಿಲ್ಲುತ್ತದೆ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನೆಲ್ಲ ನಮ್ಮ ಮನೆಯವರು ಕುಂಡಕ್ಕೇ ಹಾಕುತ್ತಾರೆ. ಕುಡಿಯುವ ನೀರಿನ ಶುದ್ಧೀಕರಣ ಯಂತ್ರ (ಆರ್‌ಒ) ಹೊರಗೆ ಬಿಡುವ ವ್ಯರ್ಥ ನೀರು ಮಾತ್ರ ಬೇಡ, ಅದರಲ್ಲಿ ಉಪ್ಪು ಹೆಚ್ಚು. ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಿ ಕುಂಡದ ಹೊರಗೋಡೆಗೆ ಬಿಳಿ ಹುಡಿ ಕಟ್ಟುತ್ತದೆ. ಅದೂ ಉಪ್ಪೇ. ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಮಳೆ ಬಂದಾಗ ಕುಂಡಗಳನ್ನು ಧಾರಾಳವಾಗಿ ನೆನೆಯಲು ಬಿಡಿ, ಒಳಗಿನ ಉಪ್ಪೂ ತೊಳೆದುಹೋಗುತ್ತದೆ.

ಮಣ್ಣಿನ ವಿಷಯದಲ್ಲಿ ಒಂದೇ ಮಾತು. ಎರಿ ಮಣ್ಣು, ಅಂದರೆ ಕಪ್ಪು ಮಣ್ಣು ಬೇಡ. ಒಣಗಿದಾಗ ಕುಗ್ಗಿ ಬಟ್ಟೆಯಿಂದ ಬಿಟ್ಟುಕೊಳ್ಳುತ್ತದೆ, ಹಾಕಿದ ನೀರೆಲ್ಲ ಆ ಸಂದಿಯಲ್ಲೇ ಇಳಿದುಹೋಗುತ್ತದೆ. ಕೆಂಪು ಮಣ್ಣು, ಹಳೆಯ ತಿಪ್ಪೆ ಗೊಬ್ಬರ, ತೊಳೆದ ತೆಂಗಿನ ನಾರಿನ ಪುಡಿ, ಒಂದು ಹಿಡಿ ಬೇವಿನ ಹಿಂಡಿ ಸಾಕು. ಕುಂಡದ ಕೆಳಗೆ ಎರಡು ಇಟ್ಟಿಗೆ ಇಡಿ. ನೇರ ತಾರಸಿ ಮೇಲಿಟ್ಟರೆ ತಳ ಬೇಗ ಕೊಳೆಯುತ್ತದೆ, ಗಾರೆಯ ಮೇಲೆ ಪಾಚಿ ಕಟ್ಟುತ್ತದೆ, ಮನೆ ಮಾಲೀಕರ ಹತ್ತಿರ ಮಾತು ಕೇಳಬೇಕಾಗುತ್ತದೆ.

ಸಿಮೆಂಟ್ ಚೀಲ, ಅಕ್ಕಿ ಚೀಲ ಇದ್ದೇ ಇವೆಯಲ್ಲ, ಹೊಲಿಯುವ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. ಅವು ಪ್ಲಾಸ್ಟಿಕ್ ದಾರದ ನೇಯ್ಗೆ. ಬಿಸಿಲಿಗೆ ಕೆಲವೇ ತಿಂಗಳಲ್ಲಿ ಪುಡಿಪುಡಿಯಾಗಿ ಎಳೆಗಳೆಲ್ಲ ಮಣ್ಣಿಗೆ ಸೇರುತ್ತವೆ, ಆಮೇಲೆ ಆರಿಸಿ ತೆಗೆಯಲಾಗದು. ಗೋಣಿತಾಟಿನ ಕುಂಡ ಒಳ್ಳೆಯದೇ, ಒಂದು ಬೆಳೆಗೆ ಮಾತ್ರ. ಇನ್ನು ಕೆಲವರು ಚುನಾವಣೆ, ಹುಟ್ಟುಹಬ್ಬ ಮುಗಿದ ಮೇಲೆ ಫ್ಲೆಕ್ಸ್ ಬಿಚ್ಚಿ ತಂದು ಹೊಲಿಸಿಕೊಡಿ ಎನ್ನುತ್ತಾರೆ. ರಾಜ್ಯದಲ್ಲಿ ಫ್ಲೆಕ್ಸ್ ನಿಷೇಧವಾಗಿದ್ದು 2016ರಲ್ಲಿ. ಆದರೂ ಹೊಲಿಯಲು ಇಷ್ಟೊಂದು ಸಿಗುತ್ತಿದೆಯಲ್ಲ ಎಂಬುದು ಬೇರೆ ಮಾತು. ಅದಕ್ಕೆ ಗಾಳಿಯೂ ಆಡದು, ನೀರೂ ಇಳಿಯದು. ನಾಯಕರ ಮುಖ ಒಳಗೆ ಮಾಡಿ ಹೊಲಿದರೂ ಅದು ಪ್ಲಾಸ್ಟಿಕ್ ಬಕೆಟ್ಟೇ.

ನಾನು ಪತ್ರ ಬರೆಯಲು ಕೂತದ್ದು ಮುಖ್ಯವಾಗಿ ಇದಕ್ಕೆ. ಬಳ್ಳಾರಿಯಲ್ಲಿ ಜೀನ್ಸ್ ಕೆಲಸ ಅಂದರೆ ದೊಡ್ಡ ಕಾರ್ಖಾನೆ ಮಾತ್ರ ಅಲ್ಲ. ಮನೆಮನೆಯಲ್ಲಿ ಮಷಿನ್ ಇದೆ. ಹೆಂಗಸರು ಪೀಸ್ ಲೆಕ್ಕದಲ್ಲಿ ಹೊಲಿಯುತ್ತಾರೆ, ಗುಂಡಿ ಹಚ್ಚುತ್ತಾರೆ, ದಾರ ಕತ್ತರಿಸುತ್ತಾರೆ. ಹಬ್ಬದ ಸೀಸನ್ ಮುಗಿದರೆ ಮಷಿನ್ ಮೇಲೆ ಬಟ್ಟೆ ಹೊದಿಸಿ ಕೂರಬೇಕು. ಇನ್ನೊಂದು ಕಡೆ ಕಟಿಂಗ್ ಟೇಬಲ್ ಕೆಳಗೆ ಚಿಂದಿ ಬೀಳುತ್ತಲೇ ಇರುತ್ತದೆ. ಅದರಲ್ಲಿ ಹೆಚ್ಚಿನದು ಅಂಗೈ ಅಗಲದ ಚೂರು, ಕುಂಡಕ್ಕೆ ಬಾರದು ಎಂದು ಒಪ್ಪುತ್ತೇನೆ. ಆದರೆ ಬಟ್ಟೆ ಸುರುಳಿಯ ಕೊನೆಯಲ್ಲಿ ಉಳಿಯುವ ತುಂಡು, ಬಣ್ಣ ಹೆಚ್ಚು ಕಡಿಮೆ ಆಗಿ ತಿರಸ್ಕರಿಸಿದ ಕಾಲಿನ ಭಾಗಗಳು ಇವೆಯಲ್ಲ, ಅವು ಕುಂಡಕ್ಕೆ ಹೇಳಿ ಮಾಡಿಸಿದ ಬಟ್ಟೆ. ಎರಡು ಮೂರು ತುಂಡು ಜೋಡಿಸಿದರೂ ನಡೆಯುತ್ತದೆ, ಹೊಲಿಗೆ ಚಪ್ಪಟೆಯಾಗಿ ಮಡಚಿ ಎರಡು ಸಾಲು ಹಾಕಬೇಕು, ಜೀನ್ಸ್ ಹೊಲಿಯುವವರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ.

2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮೂರಿಗೆ 5 ಸಾವಿರ ಕೋಟಿ ರೂಪಾಯಿಯ ಜೀನ್ಸ್ ಪಾರ್ಕ್ ಮಾಡುತ್ತೇವೆ ಎಂದು ಕಾಂಗ್ರೆಸ್ಸಿನವರು ಭರವಸೆ ಕೊಟ್ಟಿದ್ದನ್ನು ಕೇಳಿದ್ದೇವೆ. ಪಾರ್ಕ್ ಬರುವಾಗ ಬರಲಿ. ಅದಕ್ಕೆ ಮೊದಲು ತೋಟಗಾರಿಕೆ ಇಲಾಖೆ ಒಂದು ಸಣ್ಣ ಕೆಲಸ ಮಾಡಬಹುದು. ತನ್ನ ನರ್ಸರಿಗಳಲ್ಲಿ ದೊಡ್ಡ ಸಸಿಗಳಿಗೆ, ಕೈತೋಟದ ತರಬೇತಿಗೆ ಬೇಕಾಗುವ ಕುಂಡಗಳಲ್ಲಿ ಒಂದು ಪಾಲನ್ನಾದರೂ ಸ್ತ್ರೀಶಕ್ತಿ ಸಂಘಗಳಿಂದ ಹೊಲಿಸಿ ಕೊಳ್ಳಲಿ. ಅಳತೆ, ದಾರ, ಹೊಲಿಗೆ ಹೀಗಿರಬೇಕು ಎಂದು ಬರೆದು ಕೊಟ್ಟರೆ ಅದೇ ಪ್ರಕಾರ ಹೊಲಿದು ಕೊಡುವ ಕೈಗಳು ಇಲ್ಲಿ ಬೇಕಾದಷ್ಟಿವೆ. ಲಾಲ್‌ಬಾಗ್‌ನಲ್ಲಿ ಜನವರಿ, ಆಗಸ್ಟ್‌ನಲ್ಲಿ ಫಲಪುಷ್ಪ ಪ್ರದರ್ಶನ ಆಗುತ್ತದೆ, ಜಿಲ್ಲೆಗಳಲ್ಲೂ ಆಗುತ್ತದೆ. ಹೂವಿನ ಮಂಟಪ, ಹೂವಿನ ಆನೆ ಎಲ್ಲ ಇರಲಿ, ಪಕ್ಕದಲ್ಲಿ ಒಂದು ಮಷಿನ್ ಹಾಕಿ ಕುಂಡ ಹೊಲಿದು ತೋರಿಸಲು ಒಂದು ಮಳಿಗೆ ಕೊಡಿ. ಹಳೆಯ ಪ್ಯಾಂಟ್ ತಂದವರಿಗೆ ಅಲ್ಲೇ ಹೊಲಿದು ಕೊಡಬಹುದು, ಹೊಲಿಗೆ ಕೂಲಿ ಮಾತ್ರ ತೆಗೆದುಕೊಂಡು.

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ. ತಾರಸಿ ತೋಟದ ಬಗ್ಗೆ ಮುಂದಿನ ಸಲ ಬರೆಯುವಾಗ ಬ್ಯಾಗ್‌ನ ಚಿತ್ರದ ಪಕ್ಕದಲ್ಲಿ ಕಟಿಂಗ್‌ನ ನಕ್ಷೆಯನ್ನೂ ಹಾಕಿ, 39 ಇಂಚು, 15 ಇಂಚು, 13 ಇಂಚಿನ ದುಂಡು. ನಕ್ಷೆ ಬೇಕಿದ್ದರೆ ಬ್ರೌನ್ ಪೇಪರಿನಲ್ಲಿ ಕತ್ತರಿಸಿ ಅಂಚೆಯಲ್ಲಿ ಕಳಿಸಿಕೊಡುತ್ತೇನೆ.

ಇಂತಿ,
ನಿಮ್ಮ ಓದುಗ, ಒಬ್ಬ ಟೇಲರ್
ಕೌಲ್ ಬಜಾರ್, ಬಳ್ಳಾರಿ