ತಡೆಗೋಡೆಗೆ ಮುನ್ನ ತಿರುವು ನೋಡಿ

ಮಾನ್ಯರೇ,

‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ’ ಎಂಬ ಅಲಮೇಲಮ್ಮನ ಶಾಪ ಎಲ್ಲರಿಗೂ ಗೊತ್ತು. ಶಾಪದ ಮಾತು ಹಾಗಿರಲಿ, ತಿರುವಿನಲ್ಲಿ ನದಿ ಮಾಡುವ ಕೆಲಸವನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ. ಕಾವೇರಿ ಅಲ್ಲಿ ಬಳುಕುತ್ತದೆ. ತಲಕಾಡು ಒಳಮಗ್ಗುಲು, ಮಾಲಂಗಿ ಹೊರಮಗ್ಗುಲು. ಮೇಲ್ಮೈಯ ವೇಗದ ನೀರು ಹೊರದಂಡೆಗೆ ಬಡಿದು ಕೆಳಗಿಳಿದು, ತಳದಲ್ಲಿ ಸುರುಳಿಯಾಗಿ ಒಳದಂಡೆಯತ್ತ ಹೊರಳುವಾಗ ಮರಳನ್ನೂ ತಳ್ಳಿಕೊಂಡು ಹೋಗುತ್ತದೆ. ಹೊರಗೆ ಮಡು, ಒಳಗೆ ಮರಳದಿಣ್ಣೆ. ಆ ಮರಳನ್ನು ಊರ ಗುಡಿಗಳ ಮೇಲೆ ಹೊತ್ತು ಹಾಕಿದ್ದು ಮಾತ್ರ ಗಾಳಿ.

ಮಳೆಗಾಲ ಮುಗಿದೊಡನೆ ಕುಸಿದ ದಂಡೆಗಳಿಗೆ ಕಾಂಕ್ರೀಟ್ ತಡೆಗೋಡೆ ಕೇಳುವವರು, ಕಟ್ಟುವವರು ಇದನ್ನು ಮರೆಯುತ್ತಾರೆ. ಗೋಡೆ ಸೋಲುವುದು ನೆತ್ತಿಯಲ್ಲಲ್ಲ, ಬುಡದಲ್ಲಿ. ನೆರೆ ನದಿತಳವನ್ನು ಎಷ್ಟು ಆಳ ತೋಡುತ್ತದೆಂದು ಎಂಜಿನಿಯರುಗಳು ಲೆಕ್ಕ ಹಾಕುವ ಲೇಸಿ ಸೂತ್ರದಿಂದ ಬರುವ ಕೊರೆತದ ಆಳವನ್ನು ನೇರ ಪಾತ್ರದಲ್ಲಿ 1.25ರಿಂದ, ಸಾಧಾರಣ ತಿರುವಿನಲ್ಲಿ 1.5ರಿಂದ, ಕಡಿದಾದ ತಿರುವಿನಲ್ಲಿ 1.75ರಿಂದ ಗುಣಿಸಬೇಕು. ಸೂತ್ರ 6 ಮೀಟರ್ ಕೊಟ್ಟರೆ ನೇರ ಪಾತ್ರದಲ್ಲಿ ಪ್ರವಾಹ ಮಟ್ಟದಿಂದ 7.5 ಮೀಟರ್ ಆಳ, ಕಡಿದಾದ ತಿರುವಿನಲ್ಲಿ 10.5 ಮೀಟರ್. ನೇರ ಪಾತ್ರದ ನಕ್ಷೆಯನ್ನೇ ಎಲ್ಲೆಡೆ ಬಳಸಿದರೆ ತಿರುವಿನಲ್ಲಿ ಆ 3 ಮೀಟರ್ ಕಡಿಮೆ ಬೀಳುತ್ತದೆ. ಬುಡದ ಮುಂದೆ ಸಡಿಲ ಕಲ್ಲಿನ ಹಾಸು ಇದ್ದರೆ, ತಳ ಕೊರೆದಂತೆ ಕಲ್ಲುಗಳು ತಾವೇ ಜಾರಿ ಇಳಿಜಾರನ್ನು ಮುಚ್ಚುತ್ತವೆ. ಹಾಸಿನ ಅಗಲ, ನದಿತಳದಿಂದ ಕೆಳಗಿನ ಕೊರೆತದ ಒಂದೂವರೆ ಪಟ್ಟು. ಸಿಮೆಂಟ್ ಹಾಕಿ ಬಿಗಿದರೆ ಅದು ಜಾರುವುದಿಲ್ಲ, ಕೆಳಗೆ ಪೊಳ್ಳಾಗಿ ಮುರಿಯುತ್ತದೆ.

ಇನ್ನೊಂದು ಮಾತು. ದಂಡೆ ಹೆಚ್ಚಾಗಿ ಕುಸಿಯುವುದು ನೆರೆ ಏರುವಾಗಲ್ಲ, ಇಳಿಯುವಾಗ. ಹೊಳೆ ತಗ್ಗಿದರೂ ಮಣ್ಣು ಕುಡಿದ ನೀರು ಒಳಗೇ ಉಳಿದು ಹೊರಕ್ಕೆ ಒತ್ತುತ್ತದೆ. ಆದ್ದರಿಂದ ಗೋಡೆಗೆ ಆ ನೀರು ಹೊರಹೋಗಲು ನೀರುಗಂಡಿ, ಅದರ ಹಿಂದೆ ಜಲ್ಲಿಯ ಸೋಸುಪದರ ಇರಲೇಬೇಕು. ಕೊರೆತವೂ ತಿರುವಿನ ನಡುಮಧ್ಯಕ್ಕಿಂತ ತುಸು ಕೆಳಹರಿವಿನಲ್ಲೇ ಜೋರು. ಗೋಡೆ ಅಲ್ಲಿಯವರೆಗೆ ಮುಟ್ಟದಿದ್ದರೆ ನೀರು ಅದರ ಬೆನ್ನಿಗೆ ನುಗ್ಗುತ್ತದೆ.

ಬುಡ ಬೆತ್ತಲಾಗಲು ತಿರುವಷ್ಟೇ ಅಲ್ಲ, ಮರಳುಗಾರಿಕೆಯೂ ಕಾರಣ. ಮರಳು ಎತ್ತುವಲ್ಲಿ 3 ಮೀಟರ್ ಅಥವಾ ನೀರಿನ ಮಟ್ಟ, ಯಾವುದು ಕಡಿಮೆಯೋ ಅಷ್ಟೇ ಆಳ ಎಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಗುಂಡಿ ಆಳವಾದರೆ ಅದರ ಮೇಲಂಚು ಪ್ರವಾಹದಲ್ಲಿ ಕುಸಿಯುತ್ತಾ ಮೇಲ್ಹರಿವಿನತ್ತ ಸರಿಯುತ್ತದೆ. ದೂರದ ಸೇತುವೆಯ ಕಂಬದ ಬುಡವೂ ಬೆತ್ತಲಾಗುತ್ತದೆ.

ಅಂದಾಜುಪಟ್ಟಿಗೆ ಸಹಿ ಬೀಳುವ ಮುನ್ನ ಆ ತಿರುವಿನಲ್ಲಿ ಅಳೆದ ತಳಮಟ್ಟದ ಅಡ್ಡಕೊಯ್ತಗಳನ್ನು (ದಂಡೆಯಿಂದ ದಂಡೆಗೆ ತಳದ ಏರಿಳಿತ ತೋರಿಸುವ ನಕ್ಷೆಗಳನ್ನು) ಕಡತದಲ್ಲಿ ಲಗತ್ತಿಸುವುದನ್ನು ಕಡ್ಡಾಯ ಮಾಡಲಿ.

– ನಿವೃತ್ತ ಎಂಜಿನಿಯರ್, ಮೈಸೂರು